ಎದೆಯೊಳಗಿನ ಗುಂಡನ್ನು ತೆಗೆಯುವವರು ಯಾರು?



ಪುಣೆ ದಂಡಿನ ಊರು. ಖಡಕಿ, ಕ್ಯಾಂಪು, ಘೋರ್ಪಡಿ, ವಾನವಡಿ, ದೇಹೂರೋಡು, ಖಡಕವಾಸಲಾ ಎಂದು ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಮಿಲಿಟರಿ ಗೇಟು ಎದುರಾಗುತ್ತದೆ. ಈ ಊರಿನಲ್ಲಿ ಹೋಟೆಲು ಕೆಲಸ ಮಾಡಿದ ನಮ್ಮವರಿಗೆ ಸಿಪಾಯಿ ಅಪರಿಚಿತನಲ್ಲ. ರಜೆಗೆ ಊರಿಗೆ ಹೊರಟ ಜವಾನನು ಸ್ಟೇಷನ್ನಿನ ಬಳಿ ಟ್ರಂಕು ಇಳಿಸಿ ಎರಡು ಇಡ್ಲಿ, ಒಂದು ಚಹ ಎಂದಾಗ ತಟ್ಟೆ ಇಟ್ಟವರು ನಾವು. ಅವನೇ ಪೆನ್ಷನ್ ಆದ ಮೇಲೆ ಕಂಪನಿಯವರು ಕೊಟ್ಟ ನೀಲಿ ಅಂಗಿ ತೊಟ್ಟು, ನಮ್ಮ ಹೋಟೆಲಿನ ಬಾಗಿಲಲ್ಲಿ ಲಾಠಿ ಹಿಡಿದು ವಾಚ್‌ಮನ್ ಆಗಿ ನಿಂತಾಗ, ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಅವನ ಜತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡವರೂ ನಾವೇ.

ಆದುದರಿಂದ ಸಿಪಾಯಿಯ ಬಗ್ಗೆ ಮಾತಾಡಲು ನಮಗೇನು ಅಧಿಕಾರ ಎಂದು ಯಾರೂ ಕೇಳಬೇಕಾಗಿಲ್ಲ. ಅವನು ರೈತನ ಮಗ, ಕೂಲಿಯ ಮಗ. ಊರಿನಲ್ಲಿ ಅನ್ನ ಸಾಲದೆ ನಾವು ಹೋಟೆಲಿಗೆ ಬಂದೆವು, ಅವನು ದಂಡಿಗೆ ಹೋದನು.

ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ನಾವು ಸಿಪಾಯಿಯನ್ನು ನೆನೆಯುತ್ತೇವೆ. ಸತ್ತವನಿಗೆ ಹಾರ ಹಾಕುತ್ತೇವೆ. ಕೈಕಾಲು ಕಳಕೊಂಡು ಬಂದವನಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತೇವೆ. ಆದರೆ ಕೈಕಾಲು ನೆಟ್ಟಗಿದ್ದು, ಮುಖದ ಮೇಲೆ ಒಂದು ಗೀರೂ ಇಲ್ಲದೆ ಬಂದು, ಇಪ್ಪತ್ತು ವರ್ಷವಾದರೂ ರಾತ್ರಿ ನಿದ್ದೆ ಮಾಡಲಾರದವನಿಗೆ ನಾವು ಏನು ಕೊಡುತ್ತೇವೆ? ‘ತಿಕ್ಕಲು’ ಎಂಬ ಹೆಸರು ಕೊಡುತ್ತೇವೆ. ‘ಕುಡುಕ’ ಎಂಬ ಹೆಸರು ಕೊಡುತ್ತೇವೆ. ಇದು ಸರಿಯಲ್ಲ. ಯುದ್ಧದಲ್ಲಿ ಹುಡುಗನೊಬ್ಬನ ಮನಸ್ಸಿಗೆ ತಗುಲಿದ ಗಾಯವು ಕೆಲಸದ ಮೇಲೆ ಇದ್ದಾಗ ಆದ ಗಾಯ. ಕೆಲಸದ ಮೇಲಿನ ಗಾಯಕ್ಕೆ ಕೆಲಸ ಮಾಡಿಸಿಕೊಂಡವರೇ ಹೊಣೆ. ಕಾರ್ಮಿಕ ಚಳವಳಿಯ ಈ ಮೊದಲ ಪಾಠವನ್ನು ಸಿಪಾಯಿಗೂ ಅನ್ವಯಿಸಬೇಕೆಂದು ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಕಾಣುವ ಗಾಯಕ್ಕೆ ಪುಣೆ ಮಾಡಿದ್ದು

ಕಾಣುವ ಗಾಯದ ವಿಷಯದಲ್ಲಿ ನಮ್ಮ ಪುಣೆ ತಲೆ ತಗ್ಗಿಸಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಂಗವಿಕಲರಾದ ಸಿಪಾಯಿಗಳಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮುಂದೆ ಖಡಕಿಗೆ ಬಂದು ನೆಲೆಸಿತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1944ರಲ್ಲಿ, ಕೃತಕ ಕೈಕಾಲು ಜೋಡಿಸುವ ಕೇಂದ್ರ ಇಲ್ಲಿ ಆರಂಭವಾಯಿತು. ಬೆನ್ನುಹುರಿ ಮುರಿದು ಗಾಲಿಕುರ್ಚಿ ಹಿಡಿದವರಿಗಾಗಿ 1974ರಲ್ಲಿ ಖಡಕಿಯಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವಾಯಿತು. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳೀಕಾಂತ ಪೇಟ್ಕರ್ ಎಂಬ ಯುವಕ 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ ಚಿನ್ನದ ಪದಕ ತಂದದ್ದನ್ನು ಮರಾಠಿ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕೆಲಸದಲ್ಲಿ ಮುರಿದವನನ್ನು ಮೂಲೆಗೆ ಎಸೆಯದೆ, ಅವನ ಕೈಗೆ ಬೇರೊಂದು ಕೆಲಸ ಕೊಟ್ಟರೆ ಮನುಷ್ಯ ಮತ್ತೆ ನಿಲ್ಲುತ್ತಾನೆ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಅದೇ ಖಡಕಿಯಲ್ಲಿ ಯುದ್ಧದ ಸಮಾಧಿಗಳ ತೋಟವೊಂದು ಇದೆ. ಎರಡನೆಯ ಮಹಾಯುದ್ಧದ 1,600ಕ್ಕೂ ಹೆಚ್ಚು ಸೈನಿಕರು ಅಲ್ಲಿ ಮಲಗಿದ್ದಾರೆ. ಹುಲ್ಲು ಕತ್ತರಿಸಿ, ಹೂವು ನೆಟ್ಟು ಚೊಕ್ಕಟವಾಗಿ ಇಟ್ಟಿದ್ದಾರೆ. ಕಲ್ಲುಗಳ ಮೇಲೆ ಕೆತ್ತಿದ ವಯಸ್ಸುಗಳನ್ನು ಓದುತ್ತ ಹೋಗಿ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತಮೂರು. ನಮ್ಮಲ್ಲಿ ಮಾಣಿಯಾಗಿ ಸೇರಿ ಇನ್ನೂ ಗಲ್ಲಾದ ಹತ್ತಿರ ಹೋಗದ ಹುಡುಗರ ವಯಸ್ಸು ಅದು. ಸತ್ತವರ ವಯಸ್ಸು ಇಷ್ಟಾದರೆ, ಅವರ ಪಕ್ಕದಲ್ಲೇ ನಿಂತು ಬದುಕಿ ಊರಿಗೆ ಹೋದವರ ವಯಸ್ಸೂ ಅಷ್ಟೇ ಇರಬೇಕಲ್ಲವೆ? ಅವರು ಆಮೇಲಿನ ನಲವತ್ತು ಐವತ್ತು ವರ್ಷ ಹೇಗೆ ಬದುಕಿದರೆಂದು ಯಾವ ಕಲ್ಲಿನ ಮೇಲೂ ಬರೆದಿಲ್ಲ.

ನೋವಿಗೆ ಹೆಸರು ಸಿಕ್ಕಿದ ಕಥೆ

ಯುದ್ಧಸ್ಯ ಕಥಾ ರಮ್ಯಾ ಎನ್ನುತ್ತಾರೆ. ಕೇಳುವವನಿಗೆ ರಮ್ಯ. ಹೋರಾಡಿ ಬಂದವನಿಗೆ ಏನು ಎಂಬುದನ್ನು ನಮ್ಮ ಹಿರಿಯರು ತಿಳಿಯದವರೇನೂ ಅಲ್ಲ. ಕುರುಕ್ಷೇತ್ರ ಮುಗಿದ ಮೇಲೆ ಗೆದ್ದ ಧರ್ಮರಾಯನು ಸಿಂಹಾಸನ ಬೇಡವೆಂದು ಕೂತನು. ಬಂಧುಗಳನ್ನು ಕೊಂದ ದುಃಖ ಅವನನ್ನು ತಿಂದಿತು. ಅವನನ್ನು ಸಮಾಧಾನಪಡಿಸಲು ತಮ್ಮಂದಿರು, ಕೃಷ್ಣ, ವ್ಯಾಸರು, ಕೊನೆಗೆ ಬಾಣದ ಮಂಚದ ಮೇಲಿದ್ದ ಭೀಷ್ಮರು ಎಲ್ಲರೂ ಬೇಕಾಯಿತು. ರಾಜನಿಗೇ ಅಷ್ಟು ಜನ ಬೇಕಾದರೆ, ಗೋಕಾಕದ ಕಡೆಯ ಇಪ್ಪತ್ತು ವರ್ಷದ ಸಿಪಾಯಿಗೆ ಯಾರೂ ಬೇಡವೆ?

ಮೊದಲನೆಯ ಮಹಾಯುದ್ಧದಲ್ಲಿ ಹಿಂದೂಸ್ಥಾನದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು. ನಮ್ಮ ಮೈಸೂರಿನ ಲಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣದ ಕಾಳಗದಲ್ಲಿ ಹೋರಾಡಿದ್ದನ್ನು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತೇವೆ. ಅದೇ ಯುದ್ಧದ ಕಂದಕಗಳಲ್ಲಿ, ಮೈಮೇಲೆ ಗಾಯವಿಲ್ಲದೆ ಮಾತು ನಿಂತವರು, ಕೈ ನಡುಗುವವರು, ಕಣ್ಣು ತೆರೆದೇ ಇದ್ದರೂ ಏನೂ ಕಾಣದವರು ಸಾವಿರಗಟ್ಟಲೆ ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದರು. ಹೆಸರು ಸಿಕ್ಕಿತು, ನ್ಯಾಯ ಸಿಗಲಿಲ್ಲ. ಆ ಯುದ್ಧದಲ್ಲಿ ಓಡಿಹೋದರು, ಹೇಡಿತನ ತೋರಿದರು ಎಂಬಂಥ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ತನ್ನವರೇ ಆದ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಅನೇಕರು ಮನಸ್ಸು ಕುಸಿದವರೆಂದು ಆಮೇಲೆ ತಿಳಿಯಿತು. ಬ್ರಿಟಿಷ್ ಸರ್ಕಾರ ಅವರಿಗೆ ಕ್ಷಮೆ ಕೊಟ್ಟದ್ದು 2006ರಲ್ಲಿ. ತೊಂಬತ್ತು ವರ್ಷದ ಮೇಲೆ, ಕ್ಷಮೆ ಕೇಳಿಸಿಕೊಳ್ಳಲು ಅವರು ಯಾರೂ ಇರಲಿಲ್ಲ.

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ತರುಣರು ಬೀದಿಗಿಳಿದು ಕೂಗಿದ ಮೇಲೆ, 1980ರಲ್ಲಿ, ಅಲ್ಲಿನ ಮನೋವೈದ್ಯರ ಸಂಘವು ಇದನ್ನು ಒಂದು ನಿಶ್ಚಿತ ಕಾಯಿಲೆಯೆಂದು ತನ್ನ ಪುಸ್ತಕದಲ್ಲಿ ಸೇರಿಸಿತು. ಪಿ.ಟಿ.ಎಸ್.ಡಿ. ಎಂಬ ನಾಲ್ಕಕ್ಷರದ ಹೆಸರು ಅಲ್ಲಿಂದ ಬಂದದ್ದು. ಗಮನಿಸಿ ಬಂಧುಗಳೇ, ವೈದ್ಯರು ಒಪ್ಪಿದ್ದಕ್ಕೂ ಒಂದು ಕಾರಣ, ಸಂಕಟಪಟ್ಟವರು ಒಟ್ಟಾಗಿ ಬಾಯಿಬಿಟ್ಟದ್ದು. ಬಾಯಿಬಿಡದಿದ್ದರೆ ಕಾಯಿಲೆಗೂ ಹೆಸರು ಸಿಗುವುದಿಲ್ಲ.

ಇದು ಆಗುವುದು ಹೇಗೆ? ಮಿಡಲ್ ಸ್ಕೂಲು ಓದಿದ ನಾನು ವೈದ್ಯರಿಂದ ಕೇಳಿ ತಿಳಿದುಕೊಂಡಷ್ಟನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಅಪಾಯ ಬಂದಾಗ ಮೈಯೊಳಗೆ ಉರಿ ದೊಡ್ಡದಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಿವಿ ನಿಮಿರುತ್ತದೆ, ಕೈಕಾಲಿಗೆ ಬಲ ಬರುತ್ತದೆ. ಅಪಾಯ ಕಳೆದ ಮೇಲೆ ಉರಿ ತಗ್ಗಬೇಕು. ತಿಂಗಳುಗಟ್ಟಲೆ ಸಾವಿನ ಬಾಯಲ್ಲಿ ಕೂತವನಿಗೆ ಒಲೆಯ ತಿರುಪೇ ಕೆಟ್ಟುಹೋಗುತ್ತದೆ. ಮನೆಗೆ ಬಂದು ಹೆಂಡತಿ ಮಕ್ಕಳ ನಡುವೆ ಕೂತರೂ ಉರಿ ತಗ್ಗುವುದಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾನೆ. ರಾತ್ರಿ ಕಣ್ಣುಮುಚ್ಚಿದರೆ ಹಳೆಯದೆಲ್ಲ ಎದುರಿಗೇ ನಡೆಯುತ್ತದೆ. ಸಂತೆ, ಜಾತ್ರೆ, ಮದುವೆ ಬೇಡವೆನ್ನುತ್ತಾನೆ. ಸಣ್ಣದಕ್ಕೆ ಸಿಡುಕುತ್ತಾನೆ. ಕೆಲವರು ಸಿಡುಕುವುದೂ ಇಲ್ಲ, ಕಲ್ಲಿನಂತೆ ಕೂರುತ್ತಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಬಹಳ ಜನ ಯುದ್ಧ ಕಂಡೂ ಚೆನ್ನಾಗಿ ಬಾಳುತ್ತಾರೆ. ಆದರೆ ಆದವನಿಗೆ ಆದದ್ದು ಸುಳ್ಳಲ್ಲ, ಅದು ಹೇಡಿತನವೂ ಅಲ್ಲ.

ಗೆದ್ದವನಿಗೂ ಬಿಡುವುದಿಲ್ಲ

ಪುಣೆಯಲ್ಲೇ 1950ರಲ್ಲಿ ಹುಟ್ಟಿದ ಅರುಣ್ ಖೇತ್ರಪಾಲ್ ಎಂಬ ತರುಣನ ಹೆಸರು ನೀವು ಕೇಳಿರಬಹುದು. ಖಡಕವಾಸಲಾದ ಅಕಾಡೆಮಿಯಲ್ಲಿ ಕಲಿತು, ಪೂನಾ ಹಾರ್ಸ್ ಎಂಬ ಟ್ಯಾಂಕು ದಳವನ್ನು ಸೇರಿ ಆರು ತಿಂಗಳಾಗಿತ್ತು. 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಉರಿಯುತ್ತಿದ್ದ ತನ್ನ ಟ್ಯಾಂಕನ್ನು ಬಿಟ್ಟು ಬರಲು ಒಪ್ಪದೆ ಹೋರಾಡಿ ಸತ್ತಾಗ ಅವನಿಗೆ 21 ವರ್ಷ. ದೇಶ ಅವನಿಗೆ ಪರಮವೀರ ಚಕ್ರ ಕೊಟ್ಟಿತು.

ಈ ಕಥೆಯ ಇನ್ನೊಂದು ಭಾಗ ಪತ್ರಿಕೆಗಳಲ್ಲಿ ಬಂದಿದೆ. 2001ರಲ್ಲಿ ಅರುಣನ ತಂದೆ, ನಿವೃತ್ತ ಬ್ರಿಗೇಡಿಯರ್, 81ರ ಪ್ರಾಯದಲ್ಲಿ, ತಾವು ಹುಟ್ಟಿದ ಊರು ಸರಗೋಧಾವನ್ನು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಖ್ವಾಜಾ ಮೊಹಮ್ಮದ್ ನಾಸೆರ್ ಎಂಬ ಪಾಕಿಸ್ತಾನಿ ಬ್ರಿಗೇಡಿಯರ್ ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಬಹಳ ಆದರದಿಂದ ಉಪಚರಿಸಿದರು. ಹೊರಡುವ ಹಿಂದಿನ ರಾತ್ರಿ, ನಿಮ್ಮ ಮಗನ ಟ್ಯಾಂಕಿನ ಎದುರು ನಿಂತು ಅವನನ್ನು ಕೊಂದವನು ನಾನೇ ಎಂದು ಹೇಳಿದರು. ಮೂವತ್ತು ವರ್ಷ ಆ ಮಾತನ್ನು ಅವರು ಎದೆಯೊಳಗೆ ಇಟ್ಟುಕೊಂಡಿದ್ದರು. ಪದವಿ ಏರಿತು, ತಲೆ ನರೆಯಿತು, ಆ ದಿನ ಮಾತ್ರ ಕಳೆಯಲಿಲ್ಲ. ಆ ಕಡೆಯ ಸಿಪಾಯಿಯೂ ಮನುಷ್ಯ, ಈ ಕಡೆಯ ಸಿಪಾಯಿಯೂ ಮನುಷ್ಯ. ಬ್ರಿಗೇಡಿಯರನಾದವನಿಗೆ ಹೇಳಿಕೊಳ್ಳಲು ಮೂವತ್ತು ವರ್ಷ ಬೇಕಾದರೆ, ಹೇಳಿಕೊಳ್ಳಲು ಜನವೇ ಇಲ್ಲದ ಸಾಮಾನ್ಯ ಜವಾನನ ಗತಿ ಏನು?

ನಮ್ಮ ಬಾಗಿಲಲ್ಲಿ ನಿಂತವನು

ಅಂಥವನೊಬ್ಬನನ್ನು ನಾನು ಕಂಡಿದ್ದೇನೆ. ನಾನು ಹುಡುಗನಾಗಿ ಪುಣೆಗೆ ಬಂದು ಕಪ್ಪು ಬಸಿ ತೊಳೆಯುತ್ತಿದ್ದ ಹೋಟೆಲಿನಲ್ಲಿ ಬೆಳಗಾವಿ ಕಡೆಯ ಮಾಜಿ ಸೈನಿಕರೊಬ್ಬರು ರಾತ್ರಿ ಪಾಳಿಯ ವಾಚ್‌ಮನ್ ಆಗಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1987ರಲ್ಲಿ, ಶಾಂತಿಪಡೆಯ ಜತೆ ಶ್ರೀಲಂಕೆಗೆ ಹೋಗಿದ್ದವರು. 1990ರ ಮಾರ್ಚಿನಲ್ಲಿ ಆ ಪಡೆ ಹಿಂದಿರುಗುವಷ್ಟರಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಸತ್ತಿದ್ದರು. ಬಂದವರಿಗೆ ಊರಲ್ಲಿ ಮೆರವಣಿಗೆ ಆಗಲಿಲ್ಲ. ಅದು ಗೆಲುವೋ ಸೋಲೋ ಎಂದು ಜನಕ್ಕೆ ತಿಳಿಯಲಿಲ್ಲ.

ಕಾಕಾ ಯಾವಾಗಲೂ ರಾತ್ರಿ ಪಾಳಿಯನ್ನೇ ಕೇಳಿ ಪಡೆಯುತ್ತಿದ್ದರು. ಎಂಥ ನಿಯತ್ತಿನ ಮನುಷ್ಯ ಎಂದು ಧಣಿಗಳಿಗೆ ಸಂತೋಷ. ಅವರಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ ಎಂಬುದು ನಿಜವಾದ ಸಂಗತಿ. ಒಂದು ದಿನ ಬೆಳಗಿನ ಜಾವ, ಹೊಸದಾಗಿ ಸೇರಿದ್ದ ಹುಡುಗನ ಕೈಯಿಂದ ಸ್ಟೀಲು ಲೋಟಗಳ ದೊಡ್ಡ ತಟ್ಟೆ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಮರುಕ್ಷಣವೇ ಕಾಕಾ ಆ ಹುಡುಗನನ್ನು ಹಿಟ್ಟಿನ ಮೂಟೆಗಳ ಹಿಂದಕ್ಕೆ ಎಳೆದು, ಅವನ ಮೇಲೆ ತಾವು ಬಿದ್ದು ಮುಚ್ಚಿಕೊಂಡಿದ್ದರು. ಎಲ್ಲರೂ ನಕ್ಕರು. ಕಾಕಾ ಎದ್ದು ಅಂಗಿಯ ಹಿಟ್ಟು ಕೊಡವಿಕೊಂಡು ಹೊರಗೆ ಹೋದರು. ಅಂದಿನಿಂದ ಅವರಿಗೆ ‘ಮಿಲಿಟರಿ ಹುಚ್ಚ’ ಎಂಬ ಹೆಸರಾಯಿತು.

ನಾನು ಚಹ ಒಯ್ದು ಕೊಟ್ಟಾಗ ಒಂದು ರಾತ್ರಿ ತಾವಾಗಿ ಹೇಳಿದರು: “ನಾ ಅಂಜಿದಾಂವ ಅಲ್ಲಪಾ ತಮ್ಮಾ. ಆವತ್ತು ಲಾರಿಯೊಳಗ ನಾ ಕುಂಡ್ರೂ ಜಾಗಾದಾಗ ಅಂವ ಕುಂತ. ನನಗ ಹಿಂದಿನ ಲಾರಿ ಹತ್ತು ಅಂದ್ರು. ನೆಲದಾಗ ಹುಗದಿದ್ದ ಬಾಂಬು ಹಾರಿತು. ಅಷ್ಟ.” ಆ ‘ಅಷ್ಟ’ ಎಂಬ ಮಾತಿನ ಮುಂದೆ ಅವರು ಎಂದೂ ಹೋಗಲಿಲ್ಲ. ಸತ್ತ ಗೆಳೆಯನ ಜಾಗದಲ್ಲಿ ತಾನು ಬದುಕುತ್ತಿದ್ದೇನೆಂಬ ಲೆಕ್ಕ ಅವರಿಗೆ ಹದಿನೆಂಟು ವರ್ಷವಾದರೂ ಚುಕ್ತಾ ಆಗಿರಲಿಲ್ಲ. ನಿದ್ದೆಗಾಗಿ ಕುಡಿತ ಹಿಡಿಯಿತು. ಕುಡಿತಕ್ಕಾಗಿ ಕೆಲಸ ಹೋಯಿತು. ಲೆಕ್ಕ ಮುಗಿಸಿ ಕಳಿಸಿದರು. ಇಂಥ ನೋವಿಗೆ ಚಿಕಿತ್ಸೆಯುಂಟು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ವತಃ ಕಾಕಾನಿಗೂ ಗೊತ್ತಿರಲಿಲ್ಲ.

ಅವರ ಊರಿನ ಮನೆಯನ್ನು ಊಹಿಸಿಕೊಳ್ಳಿ. ಇಂಥವನ ಹೆಂಡತಿಗೆ ವೀರಪತ್ನಿಯೆಂಬ ಬಿರುದಿಲ್ಲ, ಗಂಡ ಬದುಕಿದ್ದಾನಲ್ಲ! ರಾತ್ರಿ ಅವನು ಚೀರಿ ಎದ್ದಾಗ ನೀರು ಕೊಡುವವಳು ಅವಳು, ಅವನ ಸಿಟ್ಟಿಗೆ ಮೈಯೊಡ್ಡುವವಳೂ ಅವಳು. ನೆರೆಯವರು ಕೇಳಿದರೆ ಏನಿಲ್ಲ ಎನ್ನುವವಳೂ ಅವಳೇ. ಯುದ್ಧ ಮುಗಿದ ಮೇಲೂ ಆ ಮನೆಯಲ್ಲಿ ಯುದ್ಧ ಮುಗಿಯುವುದಿಲ್ಲ.

2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿಯಲ್ಲಿ ಆರು ದಿನ ಹೂತಿದ್ದು ಜೀವಂತವಾಗಿ ಹೊರಬಂದು, ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದನಿಗಾಗಿ ಇಡೀ ಕನ್ನಡನಾಡು ಅತ್ತಿತು. ಅಳಬೇಕಾದದ್ದೇ. ಸತ್ತವನಿಗಾಗಿ ಅಳಲು ನಮಗೆ ಬರುತ್ತದೆ. ಬದುಕಿ ಬಂದವನ ಪಕ್ಕ ಕೂರಲು ಇನ್ನೂ ಬರುವುದಿಲ್ಲ.

ಧೂಳಿನ ಪಾಠ

ಇದು ಕಾರ್ಮಿಕ ಪತ್ರಿಕೆಯ ವಿಷಯವೆ ಎಂದು ಕೆಲವರು ಕೇಳಬಹುದು. ಖಂಡಿತ ಹೌದು. ಕಲ್ಲು ಒಡೆಯುವ ಹುಡುಗನು ಇಪ್ಪತ್ತರಲ್ಲಿ ಧೂಳು ಕುಡಿಯುತ್ತಾನೆ. ನಲವತ್ತರಲ್ಲಿ ಕೆಮ್ಮು ಹಿಡಿಯುತ್ತದೆ. ಆಗ ಗಣಿಯ ಧಣಿ ಏನೆನ್ನುತ್ತಾನೆ? ಇದು ನಿನ್ನ ಬೀಡಿಯಿಂದ ಬಂದದ್ದು, ನಿನ್ನ ವಂಶದಲ್ಲೇ ಇದ್ದದ್ದು ಎನ್ನುತ್ತಾನೆ. ಕಾರ್ಮಿಕರು ಹೋರಾಡಿ ಇದಕ್ಕೆ ಉತ್ತರ ಪಡೆದರು. ಕೆಲಸಗಾರರ ಪರಿಹಾರಕ್ಕಾಗಿ 1923ರಲ್ಲಿ ಆದ ಕಾಯಿದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಎಂಬ ಧೂಳಿನ ಕಾಯಿಲೆ ಸೇರಿತು. ಗಾಯ ತಡವಾಗಿ ಕಾಣಿಸಿಕೊಂಡಿತೆಂದು ಅದು ಕೆಲಸದ ಗಾಯ ಅಲ್ಲವಾಗುವುದಿಲ್ಲ.

ಸಿಪಾಯಿಯ ಮನಸ್ಸಿಗೂ ಇದೇ ನ್ಯಾಯ. ಅಂಗವೈಕಲ್ಯದ ಪೆನ್ಷನ್ ಕೇಳಿದಾಗ, ಈ ಕಾಯಿಲೆ ಸೇವೆಯಿಂದ ಬಂದದ್ದೆ, ಸೇವೆಯಿಂದ ಹೆಚ್ಚಿದ್ದೆ ಎಂಬ ಪ್ರಶ್ನೆ ಏಳುತ್ತದೆ. ಮನಸ್ಸಿನ ಕಾಯಿಲೆಯಾದರೆ ಹುಟ್ಟಿನಿಂದಲೇ ಇದ್ದದ್ದು, ಮನೆತನದ್ದು ಎಂದು ಬರೆದುಬಿಡುವುದು ಸುಲಭ. 2013ರಲ್ಲಿ ಧರ್ಮವೀರ ಸಿಂಗ್ ಎಂಬ ಸೈನಿಕನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಅವನದು ಮೂರ್ಛೆಯ ಕಾಯಿಲೆ. ಸೇರಿಸಿಕೊಳ್ಳುವಾಗ ಕಾಯಿಲೆಯಿತ್ತೆಂದು ಬರೆದಿಲ್ಲವಾದರೆ ಸೈನಿಕನು ಆರೋಗ್ಯವಾಗಿಯೇ ಬಂದನೆಂದು ತಿಳಿಯಬೇಕು, ಸೇವೆಯಿಂದ ಬಂದದ್ದಲ್ಲವೆಂದು ಸಾಧಿಸುವ ಹೊಣೆ ಕೆಲಸ ಕೊಟ್ಟವರದು ಎಂಬುದು ಆ ತೀರ್ಪಿನ ಸಾರ. ಬಂಧುಗಳೇ, ನಾವು ಗೇಟಿನ ಮುಂದೆ ನಿಂತು ಕೂಗುವ ಮಾತೂ ಇದೇ ಅಲ್ಲವೆ? ಆದರೆ ತೀರ್ಪು ಕೋರ್ಟಿನ ಕಪಾಟಿನಲ್ಲಿದ್ದರೆ ಸಾಲದು. ಊರಿನಲ್ಲಿರುವ ಮಾಜಿ ಸೈನಿಕನಿಗೆ ತನ್ನ ಪರವಾಗಿ ಇಂಥದೊಂದು ತೀರ್ಪು ಇದೆಯೆಂದು ತಿಳಿಯಬೇಕು.

ಲೆಕ್ಕವನ್ನೂ ನೋಡಿ. 2022ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರದಂತೆ, ಹಿಂದಿನ ಐದು ವರ್ಷಗಳಲ್ಲಿ ಸೇನೆಯ ಮೂರೂ ದಳಗಳಲ್ಲಿ 819 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಭೂಸೇನೆಯಲ್ಲಿ 642, ವಾಯುಸೇನೆಯಲ್ಲಿ 148, ನೌಕಾಸೇನೆಯಲ್ಲಿ 29. ಇವರೆಲ್ಲ ಯುದ್ಧದ ನೆನಪಿನಿಂದಲೇ ಸತ್ತರೆಂದು ನಾನು ಹೇಳುವುದಿಲ್ಲ. ಮನೆಯ ಜಗಳ, ಜಮೀನಿನ ವ್ಯಾಜ್ಯ, ಸಾಲ, ಸಿಗದ ರಜೆ ಎಲ್ಲವೂ ಅದರಲ್ಲಿ ಇರಬಹುದು. ಆದರೆ ಹೋಲಿಸಿ ನೋಡಿ. 1999ರ ಕಾರ್ಗಿಲ್ ಯುದ್ಧದಲ್ಲಿ ನಾವು ಕಳೆದುಕೊಂಡ ಸೈನಿಕರು 527. ಶತ್ರುವಿನ ಗುಂಡಿಗೆ ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತೇವೆ. ಈ 819 ಹೆಸರುಗಳು ಎಲ್ಲಿವೆ? ಇದಲ್ಲದೆ, ಇದು ಸೇವೆಯಲ್ಲಿದ್ದವರ ಲೆಕ್ಕ. ನಿವೃತ್ತರಾಗಿ ಊರಿಗೆ ಹೋದವರು ಈ ಲೆಕ್ಕದಲ್ಲಿ ಬರುವುದಿಲ್ಲ.

ನಾಲ್ಕು ವರ್ಷದ ನೌಕರಿ

ಈಗ ಈ ಪ್ರಶ್ನೆ ಇನ್ನಷ್ಟು ಅವಸರದ್ದಾಗಿದೆ. 2022ರ ಜೂನಿನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಂತೆ ಹದಿನೇಳೂವರೆ ವರ್ಷದ ಹುಡುಗನೂ ಸೈನ್ಯಕ್ಕೆ ಸೇರಬಹುದು. ನಾಲ್ಕು ವರ್ಷ ದುಡಿಸಿಕೊಂಡ ಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸುವುದೆಂದು ಯೋಜನೆ ಹೊರಟಿತು. ಹೋಗುವಾಗ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಅದರಲ್ಲಿ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು. ಪೆನ್ಷನ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ನಿವೃತ್ತ ಸೈನಿಕರಿಗೆ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಯ ಪುಸ್ತಕದಲ್ಲೂ ಅವನ ಹೆಸರಿಗೆ ಜಾಗ ಮಾಡಿರಲಿಲ್ಲ. 2023ರ ಆರಂಭದಲ್ಲಿ ತರಬೇತಿಗೆ ಇಳಿದ ಮೊದಲ ತಂಡದ ನಾಲ್ಕು ವರ್ಷಕ್ಕೆ 2026-27 ಗಡುವು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರದಲ್ಲಿ ಕಲಿತ ನಮ್ಮ ಗಡಿನಾಡಿನ ಹುಡುಗರೂ ಅದರಲ್ಲಿದ್ದಾರೆ.

ಸೇವೆಯಿಂದ ಅಂಗವೈಕಲ್ಯ ಬಂದರೆ, ನೂರಕ್ಕೆ ನೂರು, ಎಪ್ಪತ್ತೈದು, ಐವತ್ತು ಎಂದು ಅಳೆದು 44, 25, 15 ಲಕ್ಷ ರೂಪಾಯಿ ಕೊಡುವುದೆಂದು ಆ ಯೋಜನೆಯಲ್ಲಿ ಬರೆದಿದೆ. ಕಾಲು ಹೋದರೆ ಅಳೆಯಬಹುದು. ಇಪ್ಪತ್ತೊಂದರಲ್ಲಿ ಕಂಡದ್ದು ಮೂವತ್ತರಲ್ಲಿ ಕನಸಾಗಿ ಕಾಡತೊಡಗಿದರೆ ಅದಕ್ಕೆ ಎಷ್ಟು ಅಂಶ? ಆ ಹೊತ್ತಿಗೆ ಅವನು ಸೈನ್ಯದವನಲ್ಲ. ಯಾವುದೋ ಏಜೆನ್ಸಿಯ ಮೂಲಕ ಯಾವುದೋ ಹೋಟೆಲಿನ, ಯಾವುದೋ ಮಾಲಿನ ಬಾಗಿಲಲ್ಲಿ ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತಿರುತ್ತಾನೆ. ಅಂದರೆ ನಮ್ಮವನಾಗಿರುತ್ತಾನೆ. ಸೈನ್ಯ ಮರೆತರೂ, ಅವನ ಹೊರೆ ಹೊರುವವರು ಅವನ ಹೆಂಡತಿಯೂ ನಾವೂ.

ಎರಡು ಆಕ್ಷೇಪಗಳು

ಇದನ್ನೆಲ್ಲ ಬರೆದರೆ ಸೈನಿಕರ ಧೈರ್ಯ ಕುಂದುತ್ತದೆ ಎನ್ನುವವರಿದ್ದಾರೆ. ಕಾರ್ಖಾನೆಯ ಯಂತ್ರಕ್ಕೆ ಬೇಲಿ ಹಾಕಿ ಎಂದರೆ ಕಾರ್ಮಿಕನ ಧೈರ್ಯ ಕುಂದುತ್ತದೆಯೆ? ಗಾಯವಾದರೆ ಹಿಂದೆ ನೋಡುವವರಿದ್ದಾರೆ ಎಂದು ತಿಳಿದವನು ಹೆಚ್ಚು ಧೈರ್ಯದಿಂದಲೇ ಮುಂದೆ ಹೋಗುತ್ತಾನೆ. ಇನ್ನೊಂದು ಆಕ್ಷೇಪ, ಕಣ್ಣಿಗೆ ಕಾಣದ ಕಾಯಿಲೆಯ ಹೆಸರಿನಲ್ಲಿ ಸುಳ್ಳು ಹೇಳಿ ಹಣ ಪಡೆಯುತ್ತಾರೆ ಎಂಬುದು. ಒಬ್ಬಿಬ್ಬರು ಸುಳ್ಳು ಹೇಳಿಯಾರು. ಅದನ್ನು ಪರೀಕ್ಷಿಸಲು ವೈದ್ಯರಿದ್ದಾರೆ. ಬೆನ್ನುನೋವೂ ಕಣ್ಣಿಗೆ ಕಾಣುವುದಿಲ್ಲ. ಹಾಗೆಂದು ಮೂಟೆ ಹೊರುವವನ ಬೆನ್ನುನೋವೆಲ್ಲ ಸುಳ್ಳೆ? ನಮ್ಮ ಸಮಾಜದಲ್ಲಿ ಈಗ ನಡೆಯುತ್ತಿರುವುದು ಅದಕ್ಕೆ ವಿರುದ್ಧವಾದದ್ದು. ಇರುವ ಕಾಯಿಲೆಯನ್ನೇ ಇಲ್ಲವೆಂದು ಮುಚ್ಚಿಡುತ್ತಾರೆ, ಬಡ್ತಿ ಹೋದೀತು, ಮದುವೆ ತಪ್ಪೀತು, ಜನ ಹುಚ್ಚನೆಂದಾರು ಎಂಬ ಭಯದಿಂದ.

ಆಗಬೇಕಾದ್ದೇನು?

ಏನೂ ಆಗಿಲ್ಲವೆಂದರೆ ತಪ್ಪಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಮನೋಆರೋಗ್ಯದ ಟೆಲಿಫೋನು ಸೇವೆ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸೈನಿಕರಿಗೂ ಅವರ ಕುಟುಂಬಕ್ಕೂ ಆ ಸೇವೆಯ ಪ್ರತ್ಯೇಕ ವಿಭಾಗವೊಂದು 2023ರ ಡಿಸೆಂಬರಿನಲ್ಲಿ ಇಲ್ಲೇ, ನಮ್ಮ ಪುಣೆಯ ವಾನವಡಿಯಲ್ಲಿರುವ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ಒಳ್ಳೆಯ ಕೆಲಸ. ಅದು ಇನ್ನೂ ಮುಂದೆ ಹೋಗಬೇಕು. ನಮ್ಮ ಬೇಡಿಕೆಗಳು ಇವು:

1. ಸೈನ್ಯದಿಂದ ಬಿಡುಗಡೆಯಾಗುವ ಪ್ರತಿಯೊಬ್ಬನಿಗೂ, ನಾಲ್ಕು ವರ್ಷ ದುಡಿದವನಿಗೂ, ಮನಸ್ಸಿನ ಕಾಯಿಲೆಗೆ ಜೀವಮಾನವಿಡೀ ಉಚಿತ ಚಿಕಿತ್ಸೆ ಸಿಗಬೇಕು.

2. ವರ್ಷಗಳ ನಂತರ ಕಾಣಿಸಿಕೊಂಡ ಕಾಯಿಲೆಯನ್ನೂ ಸೇವೆಯ ಗಾಯವೆಂದು ಪರಿಶೀಲಿಸಬೇಕು. ಅಲ್ಲವೆಂದು ಸಾಧಿಸುವ ಹೊಣೆ ಇಲಾಖೆಯ ಮೇಲಿರಬೇಕು, ಸಿಪಾಯಿಯ ಮೇಲಲ್ಲ.

3. ಸೇವೆಯಲ್ಲಿ ಇದ್ದಾಗ ನೆರವು ಕೇಳಿದವನ ಬಡ್ತಿಗೂ ಕೆಲಸಕ್ಕೂ ಅದರಿಂದ ಕುಂದು ಬರಬಾರದು.

4. ಮಾಜಿ ಸೈನಿಕರನ್ನು ವಾಚ್‌ಮನ್ ಕೆಲಸಕ್ಕೆ ಇಟ್ಟುಕೊಳ್ಳುವ ಏಜೆನ್ಸಿಗಳು ಎಂಟು ಗಂಟೆಯ ಪಾಳಿ, ವಾರದ ರಜೆ ಕೊಡಬೇಕು. ನಿದ್ದೆ ಕೆಟ್ಟವನನ್ನು ವರ್ಷವಿಡೀ ರಾತ್ರಿ ಪಾಳಿಯಲ್ಲಿ ನಿಲ್ಲಿಸುವುದು ಹುಣ್ಣಿನ ಮೇಲೆ ಬರೆ ಎಳೆದಂತೆ.

ಇವು ಸರ್ಕಾರಕ್ಕೂ ಧಣಿಗಳಿಗೂ ಕೇಳುವ ಮಾತು. ನಮಗೆ ನಾವೇ ಹೇಳಿಕೊಳ್ಳಬೇಕಾದದ್ದೂ ಉಂಟು. ನಮ್ಮ ಹೋಟೆಲುಗಳ ಬಾಗಿಲು ಕಾಯುವವರನ್ನು ಹೊರಗಿನವರೆಂದು ಬಗೆಯದೆ ಸಂಘದ ಸದಸ್ಯರನ್ನಾಗಿ ಮಾಡಿಕೊಳ್ಳೋಣ. ಅವರು ಯಾವ ಯುದ್ಧ ಕಂಡರೆಂದು ಮೋಜಿಗಾಗಿ ಕೆದಕುವುದು ಬೇಡ. ಎಷ್ಟು ಜನರನ್ನು ಹೊಡೆದೆ ಎಂದು ಹುಡುಗರು ಕೇಳುವುದನ್ನು ನಿಲ್ಲಿಸೋಣ. ತಾನಾಗಿ ಹೇಳಿದಾಗ ನಗದೆ, ಉಪದೇಶ ಮಾಡದೆ, ಕೊನೆಯವರೆಗೆ ಕೇಳೋಣ. ಕುಡಿದು ಬಂದವನನ್ನು ಕಂಡ ಕೂಡಲೇ ಲೆಕ್ಕ ಮುಗಿಸಿ ಕಳಿಸುವ ಧಣಿಯ ಹತ್ತಿರ ನಾಲ್ಕು ಜನ ಹೋಗಿ, ಮೊದಲು ವೈದ್ಯರಿಗೆ ತೋರಿಸೋಣ ಎಂದು ಹೇಳೋಣ. 14416 ಎಂಬ ನಂಬರನ್ನು ಪ್ರತಿಯೊಂದು ಹೋಟೆಲಿನ ಅಡುಗೆಮನೆಯ ಗೋಡೆಯ ಮೇಲೆ, ಕೈ ತೊಳೆಯುವ ಜಾಗದ ಹತ್ತಿರ, ಕನ್ನಡದಲ್ಲೂ ಮರಾಠಿಯಲ್ಲೂ ಹಿಂದಿಯಲ್ಲೂ ಬರೆದು ಅಂಟಿಸೋಣ. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ, ಒಂದು ಹಾಳೆ, ಸ್ವಲ್ಪ ಗೋಂದು ಸಾಕು.

ಕೊನೆಗೆ ಒಂದು ಮಾತು. ಯುದ್ಧ ಬೇಕೆಂದು ಕೂಗುವುದು ಬಹು ಸುಲಭ. ಟೆಲಿವಿಷನ್ನಿನ ಮುಂದೆ ಕೂತು ಬಿಸಿ ಚಹ ಕುಡಿಯುತ್ತ ಗಡಿಯಾಚೆ ನುಗ್ಗಿ ಎನ್ನುವ ಗಿರಾಕಿಗಳನ್ನು ನಾವು ದಿನವೂ ನೋಡುತ್ತೇವೆ. ಹೋಗುವವನು ಅವರ ಮಗನಲ್ಲ. ಹೋಗುವವನು ಹತ್ತೊಂಬತ್ತು ವರ್ಷದ ಬಡವರ ಹುಡುಗ, ಮತ್ತು ಅವನು ಅರವತ್ತರವರೆಗೂ ಅದನ್ನು ಹೊತ್ತಿರಬೇಕು. ಯುದ್ಧದ ಖರ್ಚನ್ನು ಲೆಕ್ಕ ಹಾಕುವವರು ಟ್ಯಾಂಕಿನ ಬೆಲೆ, ವಿಮಾನದ ಬೆಲೆ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕು: ಬದುಕಿ ಬಂದ ಹುಡುಗರ ನಲವತ್ತು ವರ್ಷದ ನಿದ್ದೆ. ಆ ಸಾಲಿನ ಬಾಬ್ತು ಎಷ್ಟಾಗುತ್ತದೆಂದು ತಿಳಿದ ಮೇಲೆ ಕೂಗುವವರು ಕೂಗಲಿ. ಅಲ್ಲಿಯವರೆಗೆ ಆ ಬಾಕಿಯನ್ನು ಕೇಳುವುದು ನಮ್ಮ ಕೆಲಸ.